ಸಂಸಾರ ಸಮೇತ ಬಳ್ಳಾರಿಗೆ ಬರುತ್ತಿದ್ದೇವೆ, ಯಾವ ಕಡೆ ಮನೆ ಹಿಡಿಯೋದು?

ದಾವಣಗೆರೆ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ತೋರಣಗಲ್ಲಿನ ಸ್ಟೀಲ್ ಪ್ಲಾಂಟ್‌ನಲ್ಲಿ ಕೆಲಸ ಆಗಿದೆ. ಶಾಲೆ ಶುರುವಾಗೋ ಹೊತ್ತಿಗೆ ಬೆಂಗಳೂರಿನ ಮನೆ ಖಾಲಿ ಮಾಡಬೇಕು. ಮಗಳು ಎರಡನೇ ಕ್ಲಾಸು, ಮಗನಿಗೆ ಮೂರು ವರ್ಷ. ಅತ್ತೆ ಜೊತೆಗಿದ್ದಾರೆ, ಅವರಿಗೆ ಶುಗರ್, ಮಂಡಿನೋವು. ನನ್ನದು ಮನೆಯಿಂದಲೇ ಕೆಲಸ.

ಕಂಪನಿ ಟೌನ್‌ಶಿಪ್‌ನಲ್ಲಿ ಮನೆ ಸಿಗೋದು ತಡ ಆಗಬಹುದಂತೆ. ಹೊಸಪೇಟೆ ಮಾಡಿ ಅನ್ನುವವರು ಕೆಲವರು, ಬಳ್ಳಾರಿ ಮಾಡಿ ಅನ್ನುವವರು ಕೆಲವರು. ನನ್ನ ಆಫೀಸಿನವರಿಗೆ ಬಳ್ಳಾರಿ ಅಂದರೆ ಗಣಿ, ಬಿಸಿಲು, ಇಷ್ಟೇ ಗೊತ್ತು. ಯಜಮಾನರು ಹೋಗಿ ಸುತ್ತಾಡಿ ಬಂದರು. ಊರ ಅಂಚಿನಲ್ಲಿ ಎಲ್ಲಾ ಕಡೆ ಹೊಸ ಲೇಔಟ್ ಎದ್ದಿವೆ, ಅಗಲ ರಸ್ತೆ, ಪಾರ್ಕಿಗೆ ಜಾಗ, ಬಾಡಿಗೆಯೂ ನಮ್ಮ ಕೈಗೆಟುಕುತ್ತೆ ಅಂದರು. ಅಲ್ಲೇ ಇರುವವರು ಹೇಳಿ. ಮಕ್ಕಳನ್ನು ಕಟ್ಟಿಕೊಂಡು ಬದುಕೋಕೆ ಊರು ಹೇಗಿದೆ? ಮನೆ ನೋಡುವಾಗ ಏನೇನು ಕೇಳಬೇಕು? ಬರೀ ಚೆನ್ನಾಗಿರೋದನ್ನೇ ಹೇಳಬೇಡಿ, ಪ್ಲೀಸ್.

ಗಾಂಧಿನಗರ ಹುಡುಗ

ಬನ್ನಿ ಅಕ್ಕಾ, ಹೆದರಬೇಡಿ. ನಾನು ಹುಟ್ಟಿದ್ದು, ಬೆಳೆದಿದ್ದು, ಈಗ ಅಂಗಡಿ ನಡೆಸುತ್ತಿರೋದು ಎಲ್ಲಾ ಇಲ್ಲೇ. ಬೆಂಗಳೂರಿನವರು ಆಫೀಸು ಮುಟ್ಟುವಷ್ಟರಲ್ಲಿ ನಾನು ಮಗನನ್ನು ಶಾಲೆಗೆ ಬಿಟ್ಟು, ಅಂಗಡಿ ಬಾಗಿಲು ತೆಗೆದು, ಎರಡನೇ ಚಹಾ ಕುಡಿದಿರುತ್ತೇನೆ. ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತೇನೆ. ಊರಿನ ಈ ತುದಿಯಿಂದ ಆ ತುದಿಗೆ ಬೈಕಲ್ಲಿ ಅರ್ಧ ಗಂಟೆ ಸಾಕು.

ಸಂಜೆ ಆದರೆ ಬಂಡಿಗಳ ಮುಂದೆ ಜನವೋ ಜನ. ನೀರಲ್ಲಿ ಅದ್ದಿ ಹಿಂಡಿದ ಮಂಡಕ್ಕಿಯನ್ನು ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಅರಿಶಿನದ ಬಾಣಲೆಗೆ ಹಾಕಿ, ಒಂದೆರಡು ಸಲ ಸೌಟು ಆಡಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಪಕ್ಕಕ್ಕೆ ಬಿಸಿ ಮಿರ್ಚಿ ಇಟ್ಟು ಕೊಡುತ್ತಾರೆ. ವಗ್ಗರಣಿ-ಮಿರ್ಚಿ. ಕಾಗದದ ಮೇಲೆ ಹಾಕಿಸಿಕೊಂಡು ನಿಂತೇ ತಿನ್ನಬೇಕು. ನಿಮ್ಮ ದಾವಣಗೆರೆ ಖಾರ ಮಂಡಕ್ಕಿ ಬೇರೆ, ಇದು ಬೇರೆ. ಜಗಳ ಬೇಡ.

ಮಕ್ಕಳಿಗೆ ಬಳ್ಳಾರಿ ಗುಡ್ಡದ ಕೋಟೆ ಇದೆ. ಬೆಳಿಗ್ಗೆ ಆರಕ್ಕೆ ಹತ್ತಲು ಶುರು ಮಾಡಿದರೆ ಬಿಸಿಲೇರುವ ಮುಂಚೆ ಇಳಿದು ಬರಬಹುದು. ಸಂಗನಕಲ್ಲಿನ ನವಶಿಲಾಯುಗದ ಗುಡ್ಡ ಊರಿಗೆ ಅಂಟಿಕೊಂಡ ಹಾಗೇ ಇದೆ. ಅಲ್ಲಿ ಸಿಕ್ಕ ಕಲ್ಲಿನ ಆಯುಧಗಳನ್ನೆಲ್ಲ ಇಟ್ಟಿರುವ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ಊರೊಳಗೇ ಇದೆ. ದರೋಜಿಯಲ್ಲಿ ಕರಡಿ, ಆಮೇಲೆ ಹಂಪಿ. ಭಾನುವಾರ ಮಾಲ್‌ಗೆ ಹೋಗೋ ಕರ್ಮ ಇಲ್ಲ.

ಸಂಪು ಮೊದಲು

ಮೇಲಿನ ತಮ್ಮ ಹೇಳಿದ್ದೆಲ್ಲ ನಿಜ. ನೀರಿನ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಬಳ್ಳಾರಿಯವರು ಯಾರೂ ಮೊದಲಿಗೆ ಹೇಳೋದಿಲ್ಲ, ನಮಗೆ ಅದು ಅಷ್ಟು ರೂಢಿಯಾಗಿದೆ.

ಅಮ್ಮಾ, ಇಲ್ಲಿ ನಲ್ಲಿ ನೀರು ದಿನಾ ಬರೋದಿಲ್ಲ. ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಕೆಲವು ಕಡೆ ಅದಕ್ಕೂ ತಡ. ಏರಿಯಾದಿಂದ ಏರಿಯಾಕ್ಕೆ ವ್ಯತ್ಯಾಸ, ಒಂದೇ ಏರಿಯಾದಲ್ಲಿ ಬೀದಿಯಿಂದ ಬೀದಿಗೂ ವ್ಯತ್ಯಾಸ. ಕಾರಣ ಇಷ್ಟೇ. ನಮ್ಮ ನೀರು ತುಂಗಭದ್ರೆಯದು, ಕಾಲುವೆಯಲ್ಲಿ ಬರಬೇಕು. ಕಾಲುವೆ ವರ್ಷಪೂರ್ತಿ ಹರಿಯೋದಿಲ್ಲ. ಹರಿಯುವಾಗ ಅಲ್ಲೀಪುರದ ದೊಡ್ಡ ಕೆರೆ ತುಂಬಿಸಿಕೊಂಡು, ಕಾಲುವೆ ನಿಂತ ಮೇಲೆ ಅದರಲ್ಲೇ ಮುಂದಿನ ಮಳೆಗಾಲದ ತನಕ ಎಳೆಯಬೇಕು. ಡ್ಯಾಮಿಗೆ ನೀರು ಬಂತಾ ಅಂತ ಇಲ್ಲಿ ರೈತರಷ್ಟೇ ಕೇಳೋದಲ್ಲ, ಅಪಾರ್ಟ್‌ಮೆಂಟಿನವರೂ ಕೇಳುತ್ತಾರೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಕ್ರೆಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋಯಿತಲ್ಲ, ಆ ವಾರ ನಮ್ಮ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಹಾಗಾಗಿ ಮನೆ ನೋಡೋಕೆ ಹೋದಾಗ ಮಾಡ್ಯುಲರ್ ಕಿಚನ್ ಆಮೇಲೆ ನೋಡಿ. ಮೊದಲು ಸಂಪಿನ ಮುಚ್ಚಳ ತೆಗೆಸಿ. ಲೆಕ್ಕ ಹೇಳುತ್ತೇನೆ. ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಅಳತೆ. ನೀವು ಐದು ಜನ, ದಿನಕ್ಕೆ 675 ಲೀಟರ್. ಹತ್ತು ದಿನ ನೀರು ಬರದೇ ಇದ್ದರೆ 6,750. ಅಂದರೆ 8 ಸಾವಿರ ಲೀಟರಿನ ಸಂಪು ಇದ್ದರೆ ನಿದ್ದೆ ಬರುತ್ತೆ, 4 ಸಾವಿರದ್ದಾದರೆ ಟ್ಯಾಂಕರ್ ನಂಬರ್ ಬಾಯಿಪಾಠ ಆಗುತ್ತೆ. ಎರಡು ಮನೆಗೆ ಒಂದೇ ಸಂಪು ಇದ್ದರೆ ಬೇಡ ಅನ್ನಿ. ಮೇಲಿನ ಮನೆಯವರ ಜೊತೆ ಜಗಳ ಗ್ಯಾರಂಟಿ.

ಇನ್ನೊಂದು. ಮಾಲೀಕರನ್ನು ಕೇಳಬೇಡಿ, ಅವರು ನೀರಿಗೆ ತೊಂದರೆನೇ ಇಲ್ಲ ಅನ್ನುತ್ತಾರೆ. ಎದುರು ಮನೆಯ ಹೆಂಗಸರನ್ನು ಕೇಳಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಬರುತ್ತೆ, ವಾಲ್‌ಮ್ಯಾನ್ ಫೋನ್ ಎತ್ತುತ್ತಾನಾ, ಎಲ್ಲಾ ಅವರಿಗೆ ಗೊತ್ತು. ನಮ್ಮ ಬೀದಿಗೆ ರಾತ್ರಿ ಎರಡರ ಮೇಲೆ ಬಿಡುತ್ತಾರೆ. ಮೊದಲು ಪೈಪಿನಲ್ಲಿ ಬರೀ ಗಾಳಿ ಬುಸುಗುಡುತ್ತೆ, ಆಮೇಲೆ ಕೆಂಪು ನೀರು. ಅದನ್ನು ಚರಂಡಿಗೆ ಬಿಟ್ಟು, ತಿಳಿಯಾದ ಮೇಲೆ ಸಂಪಿಗೆ ತಿರುಗಿಸಬೇಕು. ಒಬ್ಬರು ಎದ್ದರೆ ಅಕ್ಕಪಕ್ಕದವರಿಗೆ ಬಾಗಿಲು ಬಡಿದು ಹೇಳೋ ಪದ್ಧತಿ. ಈಗ ವಾಟ್ಸಾಪ್ ಗ್ರೂಪ್ ಇದೆ, ಆದರೂ ಬಾಗಿಲು ಬಡಿಯುತ್ತಾರೆ.

ದಾವಣಗೆರೆ ಸೊಸೆ

ಅಯ್ಯೋ, ಇದನ್ನು ಬ್ರೋಕರ್ ಹೇಳಲೇ ಇಲ್ಲ! ಬೋರ್ ಇದೆ, ಯೋಚನೆ ಬೇಡ ಅಂದ.

ಸಂಪು ಮೊದಲು

ಬೋರ್ ನೀರು ಬಳಕೆಗೆ ಆಗುತ್ತೆ. ನಮ್ಮ ಕಡೆ ಗಡಸು ಜಾಸ್ತಿ. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತೆ, ಬೇಳೆ ಬೇಯೋದಿಲ್ಲ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ. ಹತ್ತಿರದಲ್ಲಿ ಘಟಕ ಇದೆಯಾ ನೋಡಿಕೊಳ್ಳಿ, ಯಜಮಾನರು ಶಿಫ್ಟ್‌ಗೆ ಹೋದರೆ ಕ್ಯಾನ್ ಹೊರೋರು ನೀವೇ.

ಹೊಸಪೇಟೆ ಪಕ್ಷ

ಇಷ್ಟೆಲ್ಲ ಲೆಕ್ಕ ಯಾಕೆ ಮೇಡಂ, ಹೊಸಪೇಟೆಗೆ ಬನ್ನಿ. ಡ್ಯಾಮ್ ಪಕ್ಕದಲ್ಲೇ ಇದೆ. ತೋರಣಗಲ್ಲಿಗೆ ದೂರವೂ ಹೆಚ್ಚು ಕಡಿಮೆ ಅಷ್ಟೇ, ಆ ಕಡೆ ಮೂವತ್ತು ಕಿಲೋಮೀಟರ್ ಅಂದರೆ ಈ ಕಡೆಯೂ ಅಷ್ಟೇ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಕಚೇರಿಗಳೆಲ್ಲ ಇಲ್ಲೇ ಬಂದಿವೆ. ತೋಟ, ಬಾಳೆ, ಕಬ್ಬು, ಸ್ವಲ್ಪ ತಂಪು. ಬಳ್ಳಾರಿಯಲ್ಲಿ ಏನಿದೆ, ಕಲ್ಲು.

ಗಾಂಧಿನಗರ ಹುಡುಗ

ಡ್ಯಾಮ್ ಪಕ್ಕ ಇದ್ದ ಮಾತ್ರಕ್ಕೆ ನಿಮ್ಮ ನಲ್ಲಿಯಲ್ಲಿ ದಿನಾ ನೀರು ಬರುತ್ತಾ ಅಣ್ಣಾ? ಮತ್ತೆ ರಾತ್ರಿ ಯಾರಿಗಾದರೂ ಎದೆನೋವು ಅಂದರೆ ಆಂಬ್ಯುಲೆನ್ಸ್ ಯಾವ ಕಡೆ ತಿರುಗುತ್ತೆ, ಅದನ್ನೂ ಹೇಳಿ. ಜನ ವಿಮ್ಸ್ ಅನ್ನೋ ದೊಡ್ಡ ಸರ್ಕಾರಿ ಆಸ್ಪತ್ರೆ ಇರೋದು ಕಲ್ಲಿನ ಊರಲ್ಲೇ.

ಹೊಸಪೇಟೆ ಪಕ್ಷ

ಆಸ್ಪತ್ರೆ ಒಂದು ನಿಮ್ಮದು ಮೇಲು, ಒಪ್ಪಿದೆ.

ಟೌನ್‌ಶಿಪ್ ಗೃಹಿಣಿ

ನಾನು ಪ್ಲಾಂಟಿನ ಟೌನ್‌ಶಿಪ್‌ನಲ್ಲಿದ್ದೇನೆ. ನೀರು, ಕರೆಂಟು, ನೆರಳು, ಶಾಲೆ, ಆಸ್ಪತ್ರೆ ಎಲ್ಲಾ ಒಳಗೇ ಇದೆ. ಮಕ್ಕಳು ಸಂಜೆ ಸೈಕಲ್ ತಗೊಂಡು ಹೋದರೆ ಕತ್ತಲಾದ ಮೇಲೆ ಕರೆದು ತರಬೇಕು. ಆಟದ ಹುಚ್ಚಿರೋ ಮಕ್ಕಳಿದ್ದರೆ ಪಕ್ಕದಲ್ಲೇ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, ದೇಶದ ದೊಡ್ಡ ದೊಡ್ಡ ಆಟಗಾರರು ಅಲ್ಲಿ ತರಬೇತಿ ತಗೊಳ್ಳುತ್ತಾರೆ. ನೋಡಿಯೇ ಮಕ್ಕಳಿಗೆ ಹುರುಪು ಬರುತ್ತೆ.

ಆದರೆ ನಿಜ ಹೇಳಲಾ? ಇಲ್ಲಿ ಎಲ್ಲರೂ ಒಂದೇ ಕಂಪನಿ. ನಿಮ್ಮ ಯಜಮಾನರ ಮೇಲಧಿಕಾರಿಯ ಹೆಂಡತಿ ವಾಕಿಂಗ್‌ನಲ್ಲಿ ಸಿಗುತ್ತಾರೆ, ತರಕಾರಿ ಅಂಗಡಿಯಲ್ಲಿ ಸಿಗುತ್ತಾರೆ, ಹುಟ್ಟುಹಬ್ಬದಲ್ಲೂ ಸಿಗುತ್ತಾರೆ. ಪ್ರಮೋಷನ್ ಟೈಮಲ್ಲಿ ಗಂಡಂದಿರಿಗಿಂತ ನಮ್ಮಲ್ಲೇ ಮಾತು ನಿಂತುಹೋಗಿರುತ್ತೆ. ಸೀರೆಗೋ, ಕಣ್ಣಿನ ಡಾಕ್ಟರಿಗೋ ಬಳ್ಳಾರಿಗೋ ಹೊಸಪೇಟೆಗೋ ಹೋಗಲೇಬೇಕು. ಅತ್ತೆಗೆ ಗುಡಿ, ಭಜನೆ, ಹಳೇ ಕಾಲದ ಮಾತು ಬೇಕಂದರೆ ಊರೇ ವಾಸಿ.

ಬೆಂಗಳೂರು ಸೇರಿದವ

ಇನ್ನೊಂದು ಮಗ್ಗುಲು ನಾನು ಹೇಳುತ್ತೇನೆ. ಊರು ಬಿಟ್ಟು ಬಂದವನು, ಬೈಯೋರು ಬೈಯಿರಿ.

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ತಮಾಷೆ ಮಾಡುತ್ತೇವೆ. ಅದು ತಮಾಷೆ ಅಲ್ಲ. ಮಾರ್ಚ್ ಕೊನೆಗೇ 40 ಡಿಗ್ರಿ ಹತ್ತಿರ ಬರುತ್ತೆ. ಏಪ್ರಿಲ್-ಮೇನಲ್ಲಿ ನಮ್ಮ ಕಡೆಯ ಜಿಲ್ಲೆಗಳಲ್ಲಿ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ ತನಕ ಅಂತ ಬದಲಾಗುತ್ತವೆ. ಮಧ್ಯಾಹ್ನ ಪೇಟೆ ಅರ್ಧ ಮುಚ್ಚಿರುತ್ತೆ. ಆ ಎರಡು ತಿಂಗಳು ಮಕ್ಕಳು ಮನೆಯೊಳಗೇ. ಮೊಬೈಲು, ಟಿವಿ, ಜಗಳ.

ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ, ನಮ್ಮದು ಒಣ ಬಿಸಿಲು. ಆದರೆ ಕೂಲರ್ ಕುಡಿಯೋದು ನೀರು. ನೀರು ಕಡಿಮೆ ಇರೋ ತಿಂಗಳಲ್ಲೇ ಅದು ಬಕೆಟ್‌ಗಟ್ಟಲೆ ಕುಡಿಯುತ್ತೆ. ಮೇಲಿನ ಸಂಪಿನ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಿ.

ಧೂಳು ಇದೆ. ಅದಿರು ಲಾರಿ ಓಡಾಡೋ ರಸ್ತೆಯ ಬದಿಯಲ್ಲಿ ಮನೆ ಹಿಡಿದರೆ ಒಣಹಾಕಿದ ಬಟ್ಟೆ ಸಂಜೆಗೆ ಕೆಂಪು. ಕುಡಿತಿನಿ ಕಡೆ ಥರ್ಮಲ್ ಸ್ಟೇಷನ್ ಇದೆ, ಆ ದಿಕ್ಕಿಗೆ ಹೋದಷ್ಟೂ ಗಾಳಿ ವಿಷಯ ವಿಚಾರಿಸಿ. ಮಕ್ಕಳಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಇನ್ನೂ ಹುಷಾರು.

ಕೊನೆಗೆ ಕೆಲಸ. ನಿಮ್ಮದು ಮನೆಯಿಂದ, ಸರಿ. ನಾಳೆ ಕಂಪನಿ ಆಫೀಸಿಗೆ ಬನ್ನಿ ಅಂದರೆ? ಇಲ್ಲಿ ಐಟಿ ಇಲ್ಲ. ನನ್ನ ಹೆಂಡತಿ ಇಂಜಿನಿಯರು, ಊರಲ್ಲಿದ್ದಷ್ಟು ದಿನ ಸುಮ್ನೆ ಮನೆಯಲ್ಲಿ ಕೂತಿದ್ದಳು. ನಾವು ಬಂದಿದ್ದು ಅದಕ್ಕೇ.

ಗಾಂಧಿನಗರ ಹುಡುಗ

ಬೈಯೋದಿಲ್ಲ ಅಣ್ಣಾ. ಹಬ್ಬಕ್ಕೆ ಬರೋವಾಗ ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ ಮೊದಲೇ ಮಾಡಿಸಿ ಅಷ್ಟೇ.

ಕೌಲ್ ಬಜಾರ್ ಟೈಲರ್

ಎಲ್ಲರೂ ಹೊಸ ಲೇಔಟ್, ಹೊಸ ಲೇಔಟ್ ಅನ್ನುತ್ತಿದ್ದೀರಿ. ಹಳೇ ಊರಲ್ಲೂ ಸಂಸಾರಗಳಿವೆ ಸ್ವಾಮಿ.

ನಮ್ಮ ಗಲ್ಲಿಯಲ್ಲಿ ಉರ್ದು, ತೆಲುಗು, ಕನ್ನಡ, ಮರಾಠಿ ಎಲ್ಲಾ ಓಡುತ್ತೆ. ಜೀನ್ಸ್ ಕೆಲಸ ನಮ್ಮ ಕಡೆ ಮನೆಮನೆಗೆ ಹಂಚಿಹೋಗಿದೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ಕಾಜಾ-ಬಟನ್ ಮತ್ತೊಂದು ಕಡೆ, ಆಮೇಲೆ ವಾಷಿಂಗ್. ಮಿಕ್ಕ ದಾರ ಕತ್ತರಿಸೋ ಕೆಲಸ ಹೆಂಗಸರು ಮನೆ ಕಟ್ಟೆ ಮೇಲೆ ಕೂತು, ಮಕ್ಕಳನ್ನು ನೋಡಿಕೊಂಡೇ ಮಾಡುತ್ತಾರೆ. ಬ್ರಿಟಿಷರ ದಂಡಿಗೆ ಸಮವಸ್ತ್ರ ಹೊಲಿಯೋಕೆ ಬಂದ ದರ್ಜಿ ಮನೆತನಗಳಿಂದ ಈ ಕಸುಬು ಬೆಳೆಯಿತು ಅಂತ ಹಿರಿಯರು ಹೇಳುತ್ತಾರೆ. ಈಗ ಇಲ್ಲಿಯ ಪ್ಯಾಂಟು ಎಲ್ಲೆಲ್ಲೋ ಹೋಗುತ್ತೆ.

ಯಾಕೆ ಹೇಳಿದೆ ಅಂದರೆ, ಹೊಸ ಲೇಔಟಿನಲ್ಲಿ ರಸ್ತೆ ಅಗಲ ಇರುತ್ತೆ, ಆದರೆ ಹತ್ತು ಸೈಟಿಗೆ ಮೂರು ಮನೆ. ಮಿಕ್ಕಿದ್ದೆಲ್ಲ ಜಾಲಿ ಮುಳ್ಳು. ರಾತ್ರಿ ಎಂಟಕ್ಕೆ ಬೀದಿ ಖಾಲಿ. ಯಜಮಾನರು ನೈಟ್ ಶಿಫ್ಟ್ ಹೋದರೆ ಒಬ್ಬರೇ ಇರಬೇಕು, ನಾಯಿ ಕಾಟ ಬೇರೆ. ನಮ್ಮ ಕಡೆ ರಾತ್ರಿ ಹನ್ನೊಂದಕ್ಕೂ ಹಾಲು ಸಿಗುತ್ತೆ, ಔಷಧ ಅಂಗಡಿ ತೆಗೆದಿರುತ್ತೆ. ಕಾರು ನಿಲ್ಲಿಸೋಕೆ ಜಾಗ ಮಾತ್ರ ಕೇಳಬೇಡಿ.

ಸಂಪು ಮೊದಲು

ಟೈಲರ್ ಸಾಹೇಬರ ಮಾತಿಗೆ ನನ್ನ ವೋಟು. ಲೇಔಟ್ ಆಯ್ಕೆ ಮಾಡೋದಾದರೆ ಬೀದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆ ಆಗಿರಬೇಕು. ಖಾಲಿ ಸೈಟುಗಳ ನಡುವೆ ಹೊಸ ಮನೆ ಅಗ್ಗಕ್ಕೆ ಸಿಗುತ್ತೆ, ಬೇಡ.

ನಿವೃತ್ತ ಮೇಷ್ಟ್ರು

ಶಾಲೆ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಸ್ಟೇಟ್ ಸಿಲೆಬಸ್, ಸಿಬಿಎಸ್‌ಇ ಎರಡೂ ಬೇಕಾದಷ್ಟಿವೆ. ಹೆಸರು ಹೇಳೋದಿಲ್ಲ, ಹೇಳಿದರೆ ಇಲ್ಲೇ ಯುದ್ಧ ಆಗುತ್ತೆ. ಒಂದು ಮಾತು ಕೇಳಿ. ಶಾಲೆಯ ಬಸ್ಸು ನಿಮ್ಮ ಮನೆಗೆ ಎಷ್ಟು ಹೊತ್ತಿಗೆ ಬರುತ್ತೆ, ಮಧ್ಯಾಹ್ನ ಎಷ್ಟು ಹೊತ್ತಿಗೆ ಬಿಡುತ್ತೆ ಅಂತ ಕೇಳಿ. ದೊಡ್ಡ ಕಟ್ಟಡದ ಶಾಲೆಗಳೆಲ್ಲ ಊರ ಹೊರಗಿವೆ. ಬಸ್ಸು ಇಡೀ ಊರು ಸುತ್ತಿ ಬಂದರೆ ಎರಡನೇ ಕ್ಲಾಸಿನ ಮಗು ಉರಿಬಿಸಿಲಲ್ಲಿ ತಗಡಿನ ಬಸ್ಸೊಳಗೆ ಒಂದು ಗಂಟೆ ಕೂರಬೇಕು. ಮೊದಲು ಶಾಲೆ ಗೊತ್ತು ಮಾಡಿ, ಆಮೇಲೆ ಅದರ ಹತ್ತಿರ ಮನೆ ಹುಡುಕಿ.

ಭಾಷೆ ಬಗ್ಗೆ ಹೆದರಿಕೆ ಬೇಡ. ಬಳ್ಳಾರಿ ಮದ್ರಾಸ್ ಕಡೆ ಇದ್ದದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಹಾಕಿದ್ದು ನಕ್ಷೆಯಲ್ಲಿ. ಬೀಗತನ, ವ್ಯಾಪಾರ ಹಾಗೇ ಉಳಿಯಿತು. ನಿಮ್ಮ ಮಗ ವರ್ಷದೊಳಗೆ ಪಕ್ಕದ ಮನೆಯಲ್ಲಿ ತೆಲುಗು ಕಲಿತು ಬರುತ್ತಾನೆ. ಬರಲಿ ಬಿಡಿ.

ಇನ್ನು ಸಂವಿಧಾನದ 371ಜೆ ವಿಧಿ, ಕಲ್ಯಾಣ ಕರ್ನಾಟಕದವರಿಗೆ ಇರೋ ಮೀಸಲಾತಿ. ಬಳ್ಳಾರಿಯೂ ಕಲ್ಯಾಣ ಕರ್ನಾಟಕದ ಜಿಲ್ಲೆ. ಇಲ್ಲಿಯ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70, ಹೊರಗಿನ ಕಾಲೇಜುಗಳಲ್ಲಿ ಶೇ. 8 ಸೀಟು ಮೀಸಲು. ಇಲ್ಲಿಗೆ ಬಂದ ಕೂಡಲೇ ಮಗಳಿಗೆ ಮೆಡಿಕಲ್ ಸೀಟು ಅಂತ ಯಾರಾದರೂ ಆಸೆ ತೋರಿಸಿದರೆ ನಂಬಬೇಡಿ. ಬಾಡಿಗೆ ಕರಾರು ತೋರಿಸಿದರೆ ಅರ್ಹತಾ ಪತ್ರ ಕೊಡೋದಿಲ್ಲ, ಹುಟ್ಟು, ವಾಸದ ವರ್ಷ ಎಲ್ಲಾ ನೋಡುತ್ತಾರೆ. ಹಾಗಂತ ಶಾಲೆಯ ಕಾಗದಗಳನ್ನು ಮೊದಲ ವರ್ಷದಿಂದಲೇ ಜೋಪಾನ ಮಾಡಿ.

ಮಕ್ಕಳಿಗೆ ಊರಿನ ರುಚಿ ಹತ್ತಿಸಬೇಕು ಅಂದರೆ ನಾಟಕಕ್ಕೆ ಕರೆದುಕೊಂಡು ಹೋಗಿ. ಬಳ್ಳಾರಿ ರಾಘವ, ಜೋಳದರಾಶಿ ದೊಡ್ಡನಗೌಡ, ಸುಭದ್ರಮ್ಮ ಮನ್ಸೂರು, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ, ಇವರೆಲ್ಲ ಇದ್ದ ಊರು. ರಾಘವ ಕಲಾಮಂದಿರದಲ್ಲಿ ಈಗಲೂ ಹಾರ್ಮೋನಿಯಂ ಇಟ್ಟುಕೊಂಡು ಪೌರಾಣಿಕ ನಾಟಕ ಆಡುತ್ತಾರೆ. ಏಸಿ ಬಗ್ಗೆ ನಾನು ಮಾತಾಡೋದಿಲ್ಲ.

ದಾವಣಗೆರೆ ಸೊಸೆ

ಮೇಷ್ಟ್ರೇ, ತುಂಬಾ ಉಪಕಾರ ಆಯ್ತು. ಅತ್ತೆ ಪಕ್ಕದಲ್ಲೇ ಕೂತು ಎಲ್ಲಾ ಓದಿಸಿಕೊಂಡರು. ದುರ್ಗಮ್ಮನ ಗುಡಿ ಎಲ್ಲಿ ಬರುತ್ತೆ ಕೇಳು ಅಂದರು.

ಯಜಮಾನರು ಇನ್ನೊಂದು ಹುಳ ಬಿಟ್ಟಿದ್ದಾರೆ. ಬಾಡಿಗೆ ಕೊಡೋ ಬದಲು ಮೋಕಾ ರಸ್ತೆ ಕಡೆ ಒಂದು ಸೈಟು ತಗೊಂಡು ಕಟ್ಟಿಸೋಣ ಅಂತ. ಬೆಂಗಳೂರಿನ ರೇಟಿಗೆ ಹೋಲಿಸಿದರೆ ಏನೂ ಅಲ್ಲ ಅಂತ ಕುಣೀತಿದ್ದಾರೆ.

ಗಾಂಧಿನಗರ ಹುಡುಗ

ಕನಕದುರ್ಗಮ್ಮ ಊರ ನಡುವೆಯೇ ಅಕ್ಕಾ. ಮಂಗಳವಾರ, ಶುಕ್ರವಾರ ಜನ ಜಾಸ್ತಿ. ಸಿಡಿಬಂಡಿ ಜಾತ್ರೆ ದಿನ ಅಂತೂ ಕಾಲಿಡೋಕೆ ಜಾಗ ಇರೋದಿಲ್ಲ. ಗುಡಿ ಹತ್ತಿರ ರೈಲ್ವೆ ಅಂಡರ್‌ಬ್ರಿಡ್ಜ್ ಇದೆ, ಜೋರು ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತೆ. ಅವತ್ತು ಆ ದಾರಿ ಹಿಡಿಯಬೇಡಿ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಊರಲ್ಲಿ ನೀರು ನಿಂತು ಟ್ರಾಫಿಕ್ ಜಾಮ್ ಆಗೋದು ನಮ್ಮಲ್ಲೇ ಇರಬೇಕು.

ಸೈಟಿನ ಕಾಗದ

ನೋಂದಣಿ ಕೆಲಸದಲ್ಲಿ ಇರುವವನು. ಯಜಮಾನರಿಗೆ ಈ ಪೋಸ್ಟ್ ತೋರಿಸಿ.

ಮೊದಲು ಸೈಟು ಯಾರ ಹದ್ದಿನಲ್ಲಿದೆ ನೋಡಿ. ಪಂಚಾಯಿತಿಯದಾದರೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಇರಬೇಕು. ಸರಿಯಾದ ಅನುಮೋದನೆ ಇಲ್ಲದ ಸೈಟಿಗೆ ಕೊಡೋ 11ಬಿ ಕೈಗಿಟ್ಟು ಎರಡೂ ಒಂದೇ ಸರ್ ಅಂದರೆ ಎದ್ದು ಬನ್ನಿ. ಜಮೀನಿನ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ ಕೇಳಿ, ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ನಕ್ಷೆ ಕೇಳಿ. ನಕ್ಷೆ ಪಾಸಾಗಿದೆ ಅಂದ ಮಾತ್ರಕ್ಕೆ ಮುಗಿಯಲಿಲ್ಲ. ರಸ್ತೆ, ಚರಂಡಿ, ನೀರಿನ ಪೈಪು ಆದ ಹಾಗೆ ಸೈಟು ಬಿಡುಗಡೆ ಮಾಡುತ್ತಾರೆ. ಬಿಡುಗಡೆ ಪತ್ರದಲ್ಲಿ ನಿಮ್ಮ ಸೈಟಿನ ನಂಬರ್ ಇದೆಯಾ, ಅದು ಮುಖ್ಯ. ಇಸಿ (ಋಣಭಾರ ಪ್ರಮಾಣಪತ್ರ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲೇ ತೆಗೆಸಬಹುದು, ಬ್ರೋಕರ್ ಕೊಟ್ಟ ಜೆರಾಕ್ಸ್ ನಂಬಬೇಡಿ.

ಇಷ್ಟು ಸರಿ ಇದ್ದರೂ ಮಣ್ಣು ನೋಡಿ. ಮೋಕಾ, ಸಿರುಗುಪ್ಪ ರಸ್ತೆ ಕಡೆ ಎರೆಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಮೇಲ್ಮೇಲೆ ಪಾಯ ಹಾಕಿದ ಮನೆಗಳಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಓಡಿರುತ್ತೆ. ಆ ಬೀದಿಯ ಹಳೇ ಮನೆಗಳ ಕಾಂಪೌಂಡ್ ಗೋಡೆ ನೋಡಿದರೆ ಸಾಕು, ಮಣ್ಣಿನ ಗುಣ ಗೊತ್ತಾಗುತ್ತೆ. ಕಾಲಂ ಆಳಕ್ಕೆ ಇಳಿಸಬೇಕು, ಖರ್ಚು ಬೀಳುತ್ತೆ. ಅಗ್ಗದ ಸೈಟಿನ ಉಳಿತಾಯ ಪಾಯದಲ್ಲೇ ಹೂತುಹೋಗುತ್ತೆ.

ಬೆಂಗಳೂರು ಸೇರಿದವ

ಇದಕ್ಕೆ ನನ್ನದೊಂದು ಸೇರಿಸಿ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಊರಿನ ದುಡ್ಡಿನ ಓಡಾಟವೇ ತಣ್ಣಗಾಗಿತ್ತು. ನಮ್ಮ ಊರಿನ ಸೈಟು ರೇಟು ಅದಿರಿನ ಜೊತೆ ಏರಿ ಇಳಿಯೋದು. ಕೆಲಸ ಗಟ್ಟಿ ಆಗೋ ತನಕ ಬಾಡಿಗೆಯಲ್ಲೇ ಇರಿ.

ಟೌನ್‌ಶಿಪ್ ಗೃಹಿಣಿ

ಹೌದು. ಮೊದಲ ವರ್ಷ ಯಾವ ಸೈಟೂ ನೋಡಬೇಡಿ. ಒಂದು ಬೇಸಿಗೆ ಕಳೆದ ಮೇಲೆ ನಿಮಗೇ ಗೊತ್ತಾಗುತ್ತೆ ಇರ್ತೀರೋ ಇಲ್ವೋ ಅಂತ.

ದಾವಣಗೆರೆ ಸೊಸೆ

ತೋರಿಸಿದೆ. ಕುಣಿತ ನಿಂತಿದೆ.

ಬಾಡಿಗೆಗೇ ಅಂತ ಆಯ್ತು. ಕಂಟೋನ್ಮೆಂಟ್, ವಿನಾಯಕ ನಗರ ಕಡೆ ನೋಡೋಣ ಅಂತಿದ್ದೇವೆ. ಹೊಸಪೇಟೆ ರಸ್ತೆಗೆ ಬೇಗ ಬೀಳಬಹುದು, ಕಂಟೋನ್ಮೆಂಟ್ ಸ್ಟೇಷನ್ನೂ ಹತ್ತಿರ. ಒಂದು ಮನೆ ಫೋಟೋ ಕಳಿಸಿದ್ದಾರೆ, ಎರಡನೇ ಮಹಡಿ, ಮೇಲೆ ಬರೀ ತಾರಸಿ, ದೊಡ್ಡ ಹಾಲು ಪಶ್ಚಿಮಕ್ಕೆ. ಚೆನ್ನಾಗಿ ಕಾಣುತ್ತೆ.

ಕೌಲ್ ಬಜಾರ್ ಟೈಲರ್

ಬೇಡವೇ ಬೇಡ. ತಾರಸಿ ಬಿಸಿ ರಾತ್ರಿ ಹನ್ನೊಂದರ ತನಕ ಒಳಗೆ ಇಳಿಯುತ್ತೆ, ಪಶ್ಚಿಮದ ಗೋಡೆ ಸಂಜೆ ಮುಟ್ಟೋಕಾಗೋದಿಲ್ಲ. ಮಂಡಿನೋವಿನ ಅಮ್ಮ ಎರಡು ಮಹಡಿ ಹತ್ತಬೇಕು. ನೆಲಮಹಡಿ ಅಥವಾ ನಡುಮಹಡಿ ನೋಡಿ, ಹಿಂದೆ ಬೇವಿನ ಮರ ಇದ್ದರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಕೊಡಿ.

ಸಂಪು ಮೊದಲು

ನನ್ನ ತಂಗಿ ಆ ಕಡೆಯೇ ಇರೋದು. ಫೋಟೋ ಕಳಿಸಿದ ಮನೆಯ ಅಡ್ಡರಸ್ತೆ ಯಾವುದು ಅಂತ ನನಗೆ ಮೆಸೇಜ್ ಮಾಡಿ, ಅಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಅಂತ ಕೇಳಿ ಹೇಳುತ್ತೇನೆ. ಇಂಟರ್ನೆಟ್ಟಿಗೆ ಫೈಬರ್ ಎಲ್ಲಾ ಕಡೆ ಇದೆ. ಇನ್ವರ್ಟರ್ ಮಾತ್ರ ನಿಮ್ಮದೇ ಇರಲಿ. ಮೊದಲ ಮಳೆಗೆ ಗಾಳಿ ಜೋರು, ಕರೆಂಟು ಗಂಟೆಗಟ್ಟಲೆ ಹೋಗುತ್ತೆ.

ಗಾಂಧಿನಗರ ಹುಡುಗ

ಅಕ್ಕಾ, ಮೇ ತಿಂಗಳಲ್ಲಿ ಸಾಮಾನು ಇಳಿಸೋದಾದರೆ ಲಾರಿ ಬೆಳಿಗ್ಗೆ ಏಳರೊಳಗೆ ಮನೆ ಮುಂದೆ ಇರೋ ಹಾಗೆ ನೋಡಿಕೊಳ್ಳಿ. ಹತ್ತರ ಮೇಲೆ ಹಮಾಲರು ಬರೋದಿಲ್ಲ, ಬಂದರೂ ಡಬಲ್ ಕೇಳುತ್ತಾರೆ. ಫ್ರಿಜ್ಜನ್ನು ಕೊನೆಗೆ ಹೇರಿಸಿ, ಮೊದಲು ಇಳಿಸಿ. ದಿನ ಗೊತ್ತಾದರೆ ಹೇಳಿ, ಇಬ್ಬರು ಹುಡುಗರನ್ನು ಕಳಿಸುತ್ತೇನೆ.